ತೊಳೆದ ಬಕೆಟ್ಟು

ನಮ್ಮ ಮನೆಯವರು ಐಸಮ್ಮನನ್ನು ಮೀನು ದೋಣಿಗಳು ನಿಲ್ಲುವ ಧಕ್ಕೆಯ ನಡುವೆ ನಿಲ್ಲಿಸಿಕೊಂಡು ಬೈದ ಬೆಳಿಗ್ಗೆ ನನ್ನ ಎರಡೂ ಕೈಯಲ್ಲಿ ಮೆತ್ತಗಾದ ಮೀನಿತ್ತು. ಕಣ್ಣು ಬಿಳಿಚಿ, ಹೊಟ್ಟೆ ಒಡೆದ ಮೀನು. ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಎರಡು ರಾತ್ರಿ ನೀರಿನ ಮೇಲೆ ಕಳೆದು ತಂದ ಮೀನು ಗೊಬ್ಬರದ ಲಾರಿಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ.

"ಇದು ಐಸಾ?" ಎಂದು ಅವರು ಕೂಗಿದರು. "ನೀರಿಗೆ ಅಂಗಿ ತೊಡಿಸಿ ಐಸು ಅಂತ ಮಾರ್ತೀಯಾ? ಒಳಗೆಲ್ಲ ಪೊಳ್ಳು. ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ, ಆಗ್ಲೇ ಕರಗೋಕೆ ಶುರು!"

ಐಸಮ್ಮ ಸೊಂಟಕ್ಕೆ ಕಟ್ಟಿಕೊಂಡ ಗೋಣಿಪಟ್ಟೆಗೆ ಕೈ ಒರೆಸಿಕೊಂಡಳು. ಅವಳಿಗೆ ಬೇರೆ ಹೆಸರೂ ಇದೆ, ಆದರೆ ಧಕ್ಕೆಯಲ್ಲಿ ಯಾರಿಗೂ ನೆನಪಿಲ್ಲ. ಹಳೆಯ ಯಂತ್ರವೊಂದನ್ನು ಇಟ್ಟುಕೊಂಡು ಒಬ್ಬಳೇ ಐಸ್ ಮಾಡಿ, ಒಬ್ಬಳೇ ಎತ್ತಿ, ಒಬ್ಬಳೇ ಮಾರುವವಳು. ಅವಳ ಹಿಂದೆ ಗಂಡನಿಲ್ಲ, ಮುಂದೆ ಮಕ್ಕಳಿಲ್ಲ. ಇರುವುದು ಆ ಯಂತ್ರ, ಮತ್ತೆ ಅವಳ ಐಸು ಗಟ್ಟಿ ಎನ್ನುವ ಮಾತು.

"ಮೇಸ್ತ್ರಿಗಳೇ, ನಿಮ್ಮ ಹೆಂಡತೀನೇ ತಟ್ಟಿ ನೋಡಿ ತಗೊಂಡಿದ್ದು" ಎಂದಳು.

"ಅವಳಿಗೇನು ಗೊತ್ತಾಗುತ್ತೆ? ನೀನು ಮೇಲಿನ ನಾಲ್ಕು ದಿಮ್ಮಿ ಒಳ್ಳೇದಿಟ್ಟು ಕೆಳಗೆ ಹಾಳು ತುಂಬಿದ್ರೆ?"

ನನಗೇನು ಗೊತ್ತಾಗುತ್ತದೆ! ಒಂದೊಂದು ಐಸ್ ದಿಮ್ಮಿಯನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿದ್ದೆ. ಒಂದೊಂದೂ ಟಣ್ ಎಂದಿತ್ತು. ಪೊಳ್ಳು ಐಸು ಹಾಗೆ ಸದ್ದು ಮಾಡುವುದಿಲ್ಲ, ಒದ್ದೆ ಹಲಗೆಯ ಹಾಗೆ ಬುಡ್ ಎನ್ನುತ್ತದೆ. ಅದನ್ನು ಅಲ್ಲೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೊಬ್ಬರದ ಲಾರಿಯವನು ಬುಟ್ಟಿ ಕೇಳಿದ. ಕೊಟ್ಟು ತಿರುಗುವ ಹೊತ್ತಿಗೆ ಜನ ಚದುರುತ್ತಿದ್ದರು, ಮಾತು ಆಗಲೇ ಅವರ ಜೊತೆ ಹೊರಟುಹೋಗಿತ್ತು.

ಇನ್ನೊಬ್ಬರು ಆಡಿದ್ದರೆ ಆ ಮಾತಿಗೆ ಕಾಲಿರುತ್ತಿರಲಿಲ್ಲ. ಆದರೆ ಆಡಿದ್ದು ಮೇಸ್ತ್ರಿ. ಧಕ್ಕೆಯಲ್ಲಿ ಯಾರ ಎಂಜಿನ್ ಕೆಮ್ಮಿದರೂ, ಯಾರ ದೋಣಿಯ ಹಲಗೆ ಬಿರಿದರೂ ಕರೆಯುವುದು ಇವರನ್ನೇ. ಮೇಸ್ತ್ರಿ ಸರಿಯಿಲ್ಲ ಅಂದರೆ ಸರಿಯಿಲ್ಲ. ಮಾರನೆಯ ದಿನ ಐಸಮ್ಮನ ಬಾಗಿಲಲ್ಲಿ ಕೈಗಾಡಿಗಳ ಸಾಲು ಇರಲಿಲ್ಲ. ಎಲ್ಲ ದೋಣಿಯವರೂ ಸೇತುವೆಯ ಆಚೆ ಇರುವ ದೊಡ್ಡ ಐಸ್ ಕಾರ್ಖಾನೆಗೆ ಹೋಗಿದ್ದರು.

ನಮ್ಮ ದೋಣಿಯ ಹೊಟ್ಟೆಯಲ್ಲಿ, ಎಂಜಿನ್ನಿನ ಮುಂದೆ, ಒಂದು ಐಸ್ ಪೆಟ್ಟಿಗೆಯಿದೆ. ದೋಣಿಯ ಜೊತೆಗೇ ಕಟ್ಟಿದ್ದು, ಎತ್ತಿ ಹೊರಗಿಡುವಂಥದ್ದಲ್ಲ. ಮೊದಲು ಅದು ಬರೀ ಹಲಗೆಯ ಪೆಟ್ಟಿಗೆ, ಒಳಗೊಂದು ತಗಡು. ಎಂಜಿನ್ನಿನ ಬಿಸಿ ಒಂದು ಕಡೆಯಿಂದ, ಬಿಸಿಲು ಮೇಲಿನಿಂದ. ಐಸು ಎಷ್ಟು ಹಾಕಿದರೂ ಸಾಲದು. ಈ ಸಲ ಹಲಗೆ ಮತ್ತು ತಗಡಿನ ನಡುವಿನ ಸಂದಿಗೆ ಬಿಸಿ ತಡೆಯುವ ಫೋಮ್ ತುಂಬಿಸೋಣ ಅಂತ ಹೇಳಿದವಳು ನಾನೇ. ಅಂಗಡಿಯಲ್ಲಿ ಎರಡು ಡಬ್ಬಿ ಕೊಡುತ್ತಾರೆ. ಎರಡರ ದ್ರವವನ್ನೂ ಸಮಸಮ ಬೆರೆಸಿ ಕಲಕಿ ಸುರಿದರೆ ಅದು ಹಾಲಿನ ಹಾಗೆ ಉಕ್ಕಿ ಸಂದಿಯನ್ನೆಲ್ಲ ತುಂಬಿ, ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅಂಗಡಿಯವನು ಎರಡು ಮಾತು ಹೇಳಿದ್ದ. ಸ್ವಲ್ಪ ಸ್ವಲ್ಪವೇ ಸುರಿಯಬೇಕು, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಮತ್ತೆ ಕಲಸುವ ಪಾತ್ರೆಯಲ್ಲಿ ಒಂದು ಹನಿ ನೀರೂ ಇರಬಾರದು.

ನಮ್ಮವರು "ಹೂಂ, ಹೂಂ" ಅಂದಿದ್ದರು. ಅವರ ಹೂಂ ನನಗೆ ಗೊತ್ತು. ಮದುವೆಯ ಮಾತುಕತೆಯ ದಿನವೂ ಹಾಗೇ ಹೂಂ ಅಂದರಂತೆ. ಆಮೇಲೆ ಹುಡುಗಿ ಯಾವಳು ಎಂದು ಕೇಳಿದರಂತೆ.

ಫೋಮ್ ಹಾಕಿದ ದಿನ ನಾನಿರಲಿಲ್ಲ. ನಮ್ಮಕ್ಕನ ಕಣ್ಣಿನ ಆಪರೇಷನ್ ಇತ್ತು, ಆಸ್ಪತ್ರೆಯಲ್ಲಿ ಕೂತಿದ್ದೆ. ಬಂದು ನೋಡಿದರೆ ಎಲ್ಲ ಮುಗಿದು, ತಗಡು ಮುಚ್ಚಿ, ಮೊಳೆ ಹೊಡೆದು, ಮೇಲೆ ಬಣ್ಣವನ್ನೂ ಬಳಿದಿದ್ದರು. "ಇಡೀ ದಿನ ಕೂತು ಪದರ ಪದರವಾಗಿ ಹಾಕಿದೀನಿ" ಎಂದರು. ಬಣ್ಣ ಅಷ್ಟು ಬೇಗ ಬಳಿದದ್ದು ಯಾಕೆಂದು ಆಗಲೇ ಕೇಳಬೇಕಿತ್ತು. ಬಣ್ಣ ಬಳಿಯುವುದೆಂದರೆ ಅವರಿಗೆ ಆಗದ ಕೆಲಸ. ಮನೆಯ ಕಿಟಕಿ ಇನ್ನೂ ಬೋಳಾಗೇ ಇದೆ.

ಐಸಮ್ಮನ ಅಂಗಡಿಯ ಬಾಗಿಲಲ್ಲಿ ಸಾಲಿಲ್ಲದ ಆ ದಿನ ನಾನು ಅವಳಲ್ಲಿಗೆ ಹೋದೆ. ಅವಳು ಕರಗುತ್ತಿದ್ದ ದಿಮ್ಮಿಗಳ ಮೇಲೆ ಹೊಟ್ಟು ಹರಡುತ್ತಿದ್ದಳು. ನೆಲದಲ್ಲೆಲ್ಲ ನೀರು.

"ನಾಲ್ಕು ದಿಮ್ಮಿ ಕೊಡು" ಎಂದೆ.

"ಯಾಕಕ್ಕಾ, ನೀರು ಬೇಕಿದ್ರೆ ನಲ್ಲಿಯಲ್ಲಿ ಬಿಟ್ಟಿ ಸಿಗುತ್ತಲ್ಲ."

"ನನ್ನ ಮೇಲೆ ಕೋಪ ಮಾಡ್ಕೋಬೇಡ."

"ಯಾರ ಮೇಲೆ ಮಾಡ್ಕೊಳ್ಲಿ? ನಿನ್ನ ಗಂಡನ ಮೇಲೆ ಮಾಡ್ಕೊಂಡ್ರೆ ಬಾಯಿಬಡಕಿ ಅಂತಾರೆ. ಸುಮ್ಮನಿದ್ರೆ, ನೋಡು, ತಪ್ಪಿದೆ ಅದಕ್ಕೇ ಸುಮ್ಮನಿದಾಳೆ ಅಂತಾರೆ." ಅವಳು ಇಕ್ಕಳದಿಂದ ಒಂದು ದಿಮ್ಮಿಯನ್ನು ಹಿಡಿದು ಎಳೆದು ನನ್ನ ಕೈಗಾಡಿಗೆ ಧಡ್ ಎಂದು ಹಾಕಿದಳು. "ಹೀಗೇ ಇನ್ನೊಂದು ವಾರ ಹೋದ್ರೆ ಯಂತ್ರ ನಿಲ್ಲಿಸ್ತೀನಿ. ಒಂದು ಸಲ ನಿಲ್ಲಿಸಿದ್ರೆ ಆ ಮುದಿ ಯಂತ್ರ ಮತ್ತೆ ಏಳಲ್ಲ, ನಾನೂ ಏಳಲ್ಲ. ನನ್ನ ಮೇಲೆ ಬಂದ ಮಾತು ಬಂದ ದಾರೀಲೇ ವಾಪಸ್ ಹೋಗ್ಬೇಕು. ಹೇಳಿದ ಬಾಯೇ ಹೇಳ್ಬೇಕು. ನೀನು ಬಂದು ಸಮಾಧಾನ ಹೇಳಿದ್ರೆ ನನ್ನ ಹೊಟ್ಟೆ ತುಂಬಲ್ಲ."

ಸರಿ ಎಂದೆ. ಅವಳ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ನಾಲ್ಕು ದಿಮ್ಮಿಯನ್ನೂ ನಮ್ಮ ಪೆಟ್ಟಿಗೆಯಲ್ಲಿ ಇಳಿಸಿ ಮುಚ್ಚಳ ಹಾಕಿದೆ. ಹರಿದ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಎಂಜಿನ್ನಿನ ಪಕ್ಕದ ಇಕ್ಕಟ್ಟಿನಲ್ಲಿ ಕೂತೆ. ಪೆಟ್ಟಿಗೆಯ ಹೊರಗೋಡೆ ಕಾಣುವುದು ಅಲ್ಲಿಂದ ಮಾತ್ರ. ಅವಸರ ನನ್ನ ಗಂಡನ ಆಸ್ತಿ, ಕಾಯುವುದು ನನ್ನದು. ಬಲೆಯ ಒಂದು ಅಂಚು ಹೊಲಿದು ಮುಗಿಯುವ ಹೊತ್ತಿಗೆ ಗೋಡೆ ತಾನೇ ನಿಜವನ್ನು ಬಾಯಿ ಬಿಟ್ಟಿತು. ಮೇಲಿನ ಅರ್ಧ ಒಣಗಿತ್ತು. ಕೆಳಗಿನ ಅರ್ಧದ ತುಂಬ ಬೆವರು, ತಣ್ಣೀರು ತುಂಬಿಟ್ಟ ಚೊಂಬಿನ ಮೈಯ ಹಾಗೆ. ಸಾಲು ಸಾಲು ಹನಿ, ಒಂದನ್ನೊಂದು ಕೂಡಿಕೊಂಡು ಇಳಿಯುತ್ತಿದ್ದವು. ಒಳಗಿನ ತಂಪು ಹೊರಗೆ ಬರುತ್ತಿದ್ದರೆ ಮಾತ್ರ ಗೋಡೆ ಹೀಗೆ ಬೆವರುತ್ತದೆ. ಬೆರಳ ಗಂಟಿನಿಂದ ತಟ್ಟಿದೆ. ಮೇಲೆ ಗಟ್ಟಿ. ಕೆಳಗೆ ಸೋರೆಬುರುಡೆ.

ಪೊಳ್ಳಿದ್ದದ್ದು ಐಸಿನಲ್ಲಲ್ಲ.

ಆಗ ಮೈದುನ ಬಂದ. ಅವನನ್ನು ಧಕ್ಕೆಯಲ್ಲಿ ಬಾಲ ಎನ್ನುತ್ತಾರೆ. ಅಣ್ಣ ಎಲ್ಲಿ ಹೋದರೂ ಹಿಂದೆಯೇ ಇರುತ್ತಾನೆ, ಅಣ್ಣ ನಿಂತರೆ ಅಲ್ಲಾಡುತ್ತಾನೆ. ಕೆಟ್ಟವನಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಷ್ಟೇ.

"ಏನತ್ತಿಗೆ, ಪೆಟ್ಟಿಗೆಗೆ ಕಾವಲಾ?"

"ಫೋಮ್ ಹಾಕಿದ ದಿನ ನೀನೂ ಇದ್ದೆಯಲ್ಲ, ಹೇಗೆ ಹಾಕಿದ್ರಿ?" ಎಂದು ಬಲೆಯಿಂದ ಕಣ್ಣು ತೆಗೆಯದೆ ಕೇಳಿದೆ.

"ಅಯ್ಯೋ, ಆ ಕತೆ ಕೇಳ್ತೀರಾ!" ಎಂದು ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. "ಅಣ್ಣ ಎರಡೂ ಡಬ್ಬಿ ಪೂರ್ತಿ ಬಕೆಟ್ಟಿಗೆ ಬಗ್ಗಿಸಿದ. ಕಲಕೋಕೆ ಕೋಲು ಇಟ್ಟಿದ್ದೇ ತಡ, ಬುಸ್ ಅಂತ ಎದ್ದು ಬಂತು ನೋಡಿ! ಕೋಲೂ ಮುಳುಗಿತು, ಅಣ್ಣನ ಕೈಯೂ ಮುಳುಗಿತು. ಹೆಂಗೋ ಎತ್ತಿ ಸಂದಿಗೆ ಸುರಿದ್ವಿ. ಬಾಯಲ್ಲೇ ಉಬ್ಬಿ ಕೂತ್ಕೊಂಡ್ತು. ಕೆಳಗೆ ಇಳೀಲೇ ಇಲ್ಲ. ನಾನು ನಕ್ಕೂ ನಕ್ಕೂ... ಅಣ್ಣ ಒಂದು ಬಿಟ್ಟ."

"ಬಕೆಟ್ಟು ಯಾವುದು?"

"ಅದೇ, ದೋಣೀದು. ಚೆನ್ನಾಗಿ ತೊಳೆದೇ ತಗೊಂಡಿದ್ದು ಅತ್ತಿಗೆ, ಅದರಲ್ಲೇನೂ ಅನುಮಾನ ಬೇಡ. ನಾನೇ ನೀರು ಹಾಕಿ ಕುಲುಕಿ ಚೆಲ್ಲಿದೆ."

ನಮ್ಮ ಮಾವನವರು ಹಾಕಿಕೊಟ್ಟ ಪಾಠ ಅದು. ದೋಣಿಯ ಬಕೆಟ್ಟನ್ನು ತೊಳೆಯದೆ ಮುಟ್ಟಬೇಡ. ಅದರಲ್ಲಿ ಮೀನಿನ ರಕ್ತ ಇರುತ್ತದೆ, ಎಣ್ಣೆ ಇರುತ್ತದೆ, ಏನು ಬೇಕಾದರೂ ಇರುತ್ತದೆ. ಆ ಮನೆಯ ಗಂಡಸರಿಗೆ ಬಕೆಟ್ಟು ಕೈಗೆ ಬಂದರೆ ಮೊದಲು ನೀರು, ಆಮೇಲೆ ಯೋಚನೆ. ಕೈಯೇ ಹಾಗೆ ಹೋಗುತ್ತದೆ. ನೀರು ಸೋಕಿದ್ದಕ್ಕೆ ಆ ದ್ರವ ಹುಚ್ಚೆದ್ದು ಉಕ್ಕಿತ್ತು, ಉಕ್ಕಿದ ಹಾಗೇ ಪುಡಿಯಾಗಿತ್ತು.

"ಆಮೇಲೆ?" ಎಂದೆ.

"ಆಮೇಲೇನು, ಒಣಗಿದ ಮೇಲೆ ಅಣ್ಣ ಬೆರಳು ಹಾಕಿ ನೋಡಿದ. ರಸ್ಕಿನ ಹಾಗೆ ಉದುರ್ತಿತ್ತು. ಕೈ ಒರೆಸ್ಕೊಂಡ. ಆಮೇಲೆ ತಗಡು ಹೊಡಿ ಅಂದ." ಅಷ್ಟು ಹೇಳಿದ ಮೇಲೆ ಮೈದುನನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ನಗು ನಿಂತಿತು. "ಅತ್ತಿಗೆ, ನಾನು ಹೇಳಿದೆ ಅಂತ..."

"ಏಳು. ಮನೆಗೆ ಹೋಗು."

ಬಕೆಟ್ಟು ತೊಳೆದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಎರಡು ಡಬ್ಬಿ ಒಟ್ಟಿಗೇ ಬಗ್ಗಿಸಿದ್ದಕ್ಕೂ ಇಲ್ಲ. ಕೆಲಸ ಕೆಡುವುದಿದೆ, ನನ್ನ ಕೈಯಲ್ಲೂ ಕೆಟ್ಟಿದೆ. ಆದರೆ ಬೆರಳು ಹಾಕಿ ನೋಡಿದರಲ್ಲ. ನೋಡಿ, ಗೊತ್ತಾಗಿ, ತಗಡು ಹೊಡೆದರಲ್ಲ. ಗೊತ್ತಿದ್ದೂ ಅಷ್ಟು ಜನರ ಮುಂದೆ ಆ ಹೆಂಗಸಿನ ಮೇಲೆ ಕೂಗಾಡಿದರಲ್ಲ. ಸಿಟ್ಟು ಬಂದರೆ ನನಗೆ ಕೂಗಲು ಬರುವುದಿಲ್ಲ, ಮೈಯೆಲ್ಲ ಬಿಸಿಯಾಗಿ ಮಾತು ಕಡಿಮೆಯಾಗುತ್ತದೆ. ಬಲೆಯನ್ನು ಮಡಚಿಟ್ಟು ಮನೆಗೆ ಹೋದೆ.

ಅವರು ಜಗಲಿಯಲ್ಲಿ ಯಾರದೋ ಪಂಪಿನ ಬಾಯಿ ಬಿಚ್ಚುತ್ತ ಕೂತಿದ್ದರು.

"ಪೆಟ್ಟಿಗೆ ಬೆವರ್ತಿದೆ" ಎಂದೆ.

"ಹೊಸದು. ಬೆವರುತ್ತೆ."

"ಅರ್ಧ ಮಾತ್ರ ಬೆವರ್ತಿದೆ. ಕೆಳಗಿನರ್ಧ."

ಸ್ಪಾನರ್ ನಿಂತಿತು. ಮತ್ತೆ ತಿರುಗತೊಡಗಿತು. "ಬಾಲ ಏನಾದ್ರೂ ಊದಿದ್ನಾ?"

"ಅವನು ಊದಿದ್ದು ಬಿಡಿ, ಗೋಡೇನೇ ಊದ್ತಿದೆ. ನಾಳೆ ಬೆಳಿಗ್ಗೆ ಧಕ್ಕೆಗೆ ಹೋಗಿ. ಐಸು ಸರಿಯಿತ್ತು, ಪೆಟ್ಟಿಗೆ ಸರಿಯಿರಲಿಲ್ಲ ಅಂತ ಹೇಳಿ. ಎಲ್ಲಿ ಬೈದ್ರೋ ಅಲ್ಲೇ ನಿಂತು ಹೇಳಿ."

"ತಲೆ ಕೆಟ್ಟಿದೆಯಾ? ನಾಳೆಯಿಂದ ಯಾರು ನನ್ನ ಕೈಗೆ ಎಂಜಿನ್ ಕೊಡ್ತಾರೆ? ಸ್ವಂತ ದೋಣಿ ಪೆಟ್ಟಿಗೆ ಮಾಡೋಕೆ ಬರದವನು ಅಂತ ಆಡ್ಕೊಳ್ತಾರೆ. ನಾಲ್ಕು ದಿನ ಹೋದ್ರೆ ಜನ ತಾವೇ ಮರೀತಾರೆ."

"ನಾಲ್ಕು ದಿನಕ್ಕೆ ಅವಳ ಐಸು ಕರಗಿರುತ್ತೆ."

"ಕರಗಿದ್ರೆ ಮತ್ತೆ ಮಾಡ್ಕೋತಾಳೆ. ಅದು ಅವಳ ಕಸುಬು."

ಇಷ್ಟು ವರ್ಷ ಒಂದೇ ತಟ್ಟೆಯ ಎದುರು ಕೂತವರು ಇವರೇನಾ ಎಂದು ಮುಖ ನೋಡಿದೆ. ಅವರು ಮುಖ ಎತ್ತಲಿಲ್ಲ.

"ಒಳ್ಳೆ ಹೆಂಡತಿ ಗಂಡನ ಮಾನ ಮುಚ್ತಾಳೆ" ಎಂದರು, ಪಂಪಿಗೆ ಹೇಳಿದ ಹಾಗೆ.

"ಹೇಗೆ? ಪೆಟ್ಟಿಗೆಗೆ ತಗಡು ಮುಚ್ಚಿದ ಹಾಗಾ?"

ಊಟಕ್ಕೆ ಬಡಿಸಿದೆ. ಉಂಡರು. ಉಪ್ಪು ಕಡಿಮೆ ಎಂದರು. ಉಪ್ಪಿನ ಡಬ್ಬಿಯನ್ನೇ ಎತ್ತಿ ತಟ್ಟೆಯ ಪಕ್ಕಕ್ಕೆ ಕುಕ್ಕಿದೆ.

ಬೆಳಿಗ್ಗೆ ದೋಣಿಗಳೆಲ್ಲ ಬಂದು, ಮೀನು ಹರಾಜಿಗೆ ಇಳಿದು, ಧಕ್ಕೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು ನೋಡಿಕೊಂಡು ಹೋದೆ. ಕೈಯಲ್ಲಿ ಹಾರೆಯಿತ್ತು. ದೋಣಿಗೆ ಇಳಿದು, ಐಸ್ ಪೆಟ್ಟಿಗೆಯ ಮುಚ್ಚಳ ಎತ್ತಿ ಪಕ್ಕಕ್ಕೆಸೆದೆ. ಅದು ಬಿದ್ದ ಸದ್ದಿಗೆ ಹತ್ತಿರದವರು ತಿರುಗಿದರು. ಒಳಗಿಳಿದು, ನಿನ್ನೆಯ ದಿಮ್ಮಿಗಳಲ್ಲಿ ಕರಗದೆ ಉಳಿದ ಚೂರುಗಳನ್ನು ಸರಿಸಿ, ಹಾರೆಯ ಮೊನೆಯನ್ನು ತಗಡಿನ ಅಂಚಿಗೆ ಕೊಟ್ಟು ಮೀಟಿದೆ. ಮೊಳೆ ಕಿರುಚುತ್ತ ಎದ್ದಿತು. ಇನ್ನೊಂದು. ಮತ್ತೊಂದು. ಹೊಸ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿತು.

"ಮೇಸ್ತ್ರೀ! ನಿಮ್ಮ ಯಜಮಾನ್ತಿ ದೋಣಿ ಒಡೀತಿದಾರೆ!" ಎಂದು ಯಾರೋ ಕೂಗಿದರು. "ಮೀನು ಸಿಗಲಿಲ್ಲ ಅಂತ ಹಲಗೆ ಮಾರ್ತಾರೇನೋ!" ಎಂದು ಇನ್ನೊಬ್ಬ. ನಗು.

ತಗಡು ಬುಡದಲ್ಲಿ ಬಾಯಿ ತೆರೆದದ್ದೇ ನೀರು ಹೊರಗೆ ನುಗ್ಗಿತು. ಗೋಡೆಯ ಒಳಗಿನಿಂದ. ಕಂದು ಬಣ್ಣದ, ಕೊಳೆತ ಮೀನಿನ ವಾಸನೆಯ ನೀರು ನನ್ನ ಪಾದದ ಮೇಲಿಂದ ಹರಿಯಿತು. ನಗು ನಿಂತಿತು. ಕೈ ತೂರಿಸಿದೆ. ಮೊಣಕೈವರೆಗೆ ಹೋಯಿತು. ಫೋಮ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮೇಲ್ಗಡೆಯಿಂದ ಒಂದು ಹಿಡಿ ಕಿತ್ತು ತಂದೆ. ಮುಷ್ಟಿ ಬಿಗಿದರೆ ಪುಡಿಯಾಗಿ ಬೆರಳ ಸಂದಿಯಿಂದ ಸೋರಿತು.

ಅವರು ಜನರನ್ನು ಸೀಳಿಕೊಂಡು ಓಡಿ ಬಂದರು. ಮುಖ ಕೆಂಡ. "ಏನೇ ಇದು? ಏನ್ ಮಾಡ್ತಿದೀಯ?"

"ಮಾನ ಬಿಚ್ತಿದೀನಿ. ಯಾರದು ಅಂತ ನೀವೇ ಹೇಳಿ."

ಜನ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದರು. ಐಸಮ್ಮ ತನ್ನ ಬಾಗಿಲಲ್ಲೇ ನಿಂತಿದ್ದಳು, ಇಕ್ಕಳ ಕೈಯಲ್ಲೇ ಇತ್ತು. ಹತ್ತಿರ ಬರಲಿಲ್ಲ. ಬರುವ ಅಗತ್ಯ ಅವಳಿಗಿರಲಿಲ್ಲ.

"ಅದು... ಡಬ್ಬಿ ಹಳೇದಿತ್ತು" ಎಂದರು ನಮ್ಮವರು. "ಅಂಗಡಿಯವನು ಹಳೇ ಮಾಲು ಕೊಟ್ಟಿದಾನೆ."

ಆಗ ನಾನು ಕೂಗಿದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಮೊನ್ನೆ ಐಸು, ಇವತ್ತು ಡಬ್ಬಿ! ನಾಳೆ ಯಾರನ್ನ ಹುಡುಕ್ತೀರಿ? ಸಮುದ್ರಾನಾ? ಬಕೆಟ್ಟು ತೊಳೆದಿದ್ದಕ್ಕೆ ನಿಮ್ಮನ್ನ ಯಾರೂ ಗಲ್ಲಿಗೆ ಹಾಕಲ್ಲ ರೀ! ಇಲ್ಲಿರೋ ಯಾರ ಕೈಗೆ ಬಕೆಟ್ಟು ಕೊಟ್ರೂ ಮೊದಲು ತೊಳೀತಾರೆ. ಒಂದು ಕೆಲಸ ಕೆಟ್ಟಿತು, ಕೆಟ್ಟಿತು ಅನ್ನಿ. ನಿಮ್ಮ ಬೆರಳಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ವಾ?"

ಹರಾಜಿನವನು ಕೂಗುವುದನ್ನು ಬಿಟ್ಟು ನೋಡುತ್ತಿದ್ದ. ಬಾಲ ಬಲೆಯ ರಾಶಿಯ ಹಿಂದೆ ಸೇರಿಕೊಂಡಿದ್ದ. ನಮ್ಮವರು ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ನನ್ನ ಕೈಯ ಹಾರೆ ನೋಡಿದರು. ಆಮೇಲೆ ಏನೋ ಗೊಣಗಿದರು.

"ಕೇಳಿಸಲಿಲ್ಲ" ಎಂದೆ. "ಬೈಯುವಾಗ ಇದ್ದ ಗಂಟಲು ಎಲ್ಲಿ ಹೋಯ್ತು?"

"ಐಸು ಸರಿಯಿತ್ತು" ಎಂದರು. ಕುತ್ತಿಗೆಯ ನರ ಉಬ್ಬಿತ್ತು. "ಪೆಟ್ಟಿಗೆ ನಾನು ಕೆಡಿಸಿದ್ದು. ಗೊತ್ತಿದ್ದೇ ಮುಚ್ಚಿದೆ. ಐಸಮ್ಮನ ಐಸಲ್ಲಿ ಏನೂ ತಪ್ಪಿರಲಿಲ್ಲ. ಸಾಕಾ?"

ಎಲ್ಲರೂ ಐಸಮ್ಮನ ಕಡೆ ತಿರುಗಿದರು. ಅವಳು ಅಳುತ್ತಾಳೆ, ಇಲ್ಲವೇ ಇರಲಿ ಬಿಡಿ ಅನ್ನುತ್ತಾಳೆ ಅಂದುಕೊಂಡಿದ್ದರೇನೋ.

"ಕೇಳಿಸ್ತು" ಎಂದಳು ಐಸಮ್ಮ. ಒಳಗೆ ಹೋದಳು.

ಅದೇ ದಿನ ಎರಡು ಕೈಗಾಡಿ ಅವಳ ಬಾಗಿಲಿಗೆ ಬಂದವು. ಮರುದಿನ ಇನ್ನೂ ಕೆಲವು. ಎಲ್ಲರೂ ಮರಳಲಿಲ್ಲ. ಸೇತುವೆಯ ಆಚೆ ಒಮ್ಮೆ ರೂಢಿಯಾದ ಕಾಲು ಸುಲಭಕ್ಕೆ ತಿರುಗುವುದಿಲ್ಲ. ಯಂತ್ರ ನಿಲ್ಲಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಪೆಟ್ಟಿಗೆಯ ಒಳಗನ್ನು ನಾನೇ ಕೆರೆದು, ಬಿಸಿಲಿಗೆ ಬಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಸಿಲಿಗೆ ಬಿಟ್ಟೆ. ಐಸು ಕರಗಿದ ನೀರು ಮತ್ತೆ ಗೋಡೆಯೊಳಗೆ ಇಳಿಯದ ಹಾಗೆ ನೀರು ಹೋಗುವ ಕೊಳವೆಯ ಸುತ್ತ ಮೇಣ ಮೆತ್ತಿದೆ. ಹೊಸ ಡಬ್ಬಿ ತಂದೆ, ಜೊತೆಗೆ ನೀರು ಕಾಣದ ಹೊಸ ಬಕೆಟ್ಟು. ಈ ಸಲ ಕಲಕುವುದು, ಸುರಿಯುವುದು ನನ್ನ ಕೆಲಸ. ಅವರದು ಸಂದಿಯ ಬಾಯಿಗೆ ಲಾಳಿಕೆ ಹಿಡಿದುಕೊಂಡು ನಿಲ್ಲುವುದು. ಒಂದು ಚೊಂಬಿನಷ್ಟು ಸುರಿಯುವುದು, ಉಕ್ಕಿ ನಿಲ್ಲುವವರೆಗೆ ಕಾಯುವುದು, ಬೆರಳಿಗೆ ಅಂಟದಷ್ಟು ಆದ ಮೇಲೆ ಮತ್ತೊಂದು ಚೊಂಬು. ಅವರ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಲ ನಾನು ಬೆನ್ನು ತಿರುಗಿಸಿದಾಗ ಸದ್ದಾಯಿತು. ನೋಡಿದರೆ ಬಕೆಟ್ಟು ಹಿಡಿದುಕೊಂಡು ನಲ್ಲಿಯ ಮುಂದೆ ನಿಂತಿದ್ದಾರೆ. ಇನ್ನೊಂದು ಕೈ ನಲ್ಲಿಯ ಕಿವಿ ಹಿಂಡುತ್ತಿದೆ.

"ಮುಟ್ಟಿದ್ರೆ ನೋಡಿ!"

ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು. ಅವರಿಗೇ ನಗು ಬಂತು. ನನಗೆ ಬರಲಿಲ್ಲ.

"ಇನ್ನೂ ಎಷ್ಟು ದಿನ ಕಣೇ ಈ ಸಿಟ್ಟು?" ಎಂದರು.

"ಒಂದೇ ಸಲ ಸುರಿದಿದ್ರೆ ಪುಡಿಯಾಗಿ ಹೋಗ್ತಿತ್ತು. ಪದರ ಪದರವಾಗಿ ಕೂತಿದೆ. ಲಾಳಿಕೆ ನೆಟ್ಟಗೆ ಹಿಡೀರಿ."

ತಗಡು ಮುಚ್ಚಿದ ಮೇಲೆ ಬಣ್ಣ ಬಳಿಯಲು ಬಿಡಲಿಲ್ಲ. ಗೋಡೆ ಹೇಗಿದೆಯೋ ಹಾಗೇ ಕಾಣಲಿ ಎಂದೆ.

ದೋಣಿ ಮತ್ತೆ ಹೊರಡುವ ದಿನ ಕೈಗಾಡಿ ತಳ್ಳಿಕೊಂಡು ಇಬ್ಬರೂ ಐಸಮ್ಮನಲ್ಲಿಗೆ ಹೋದೆವು. ನಮ್ಮ ಮುಂದೆ ಮೂರು ಗಾಡಿಗಳಿದ್ದವು. ನಮ್ಮ ಸರದಿ ಬಂದಾಗ ನಾನು ರೂಢಿಯ ಹಾಗೆ ಸುತ್ತಿಗೆ ಎತ್ತಿದೆ. ಐಸಮ್ಮ ಅದನ್ನು ನನ್ನ ಕೈಯಿಂದ ತೆಗೆದು ಅವರ ಕೈಗೆ ಕೊಟ್ಟಳು.

"ನಿನಗೇನು ಗೊತ್ತಾಗುತ್ತೆ ಅಕ್ಕಾ" ಎಂದಳು ನನಗೆ. ಆಮೇಲೆ ಅವರಿಗೆ: "ಮೇಸ್ತ್ರಿಗಳು ತಟ್ಟಲಿ. ಒಂದೊಂದನ್ನೂ. ಕೆಳಗಿನದನ್ನೂ."

ಹಿಂದಿನ ಗಾಡಿಯವರು ಗಂಟಲು ಸರಿಮಾಡಿಕೊಂಡರು. ನಮ್ಮವರು ಬಗ್ಗಿದರು. ತಟ್ಟಿದರು.

ಟಣ್.

"ಏನಂತೆ?" ಎಂದಳು ಐಸಮ್ಮ.

"ಗಟ್ಟಿ ಇದೆ."

"ಹಿಂದಿನವರಿಗೆ ಕೇಳಿಸಲಿಲ್ಲ."

"ಗಟ್ಟಿ ಇದೆ!" ಎಂದು ಅವರು ಕೂಗಿದರು. ಮುಂದಿನ ದಿಮ್ಮಿಗೆ ಸುತ್ತಿಗೆ ಎತ್ತಿದರು. ನಾನು ಕೈಗಾಡಿಯ ಹಿಡಿಗೆ ಒರಗಿ ನಿಂತೆ. ಇನ್ನೂ ಬಹಳ ದಿಮ್ಮಿಗಳಿದ್ದವು. ನನಗೇನೂ ಅವಸರವಿರಲಿಲ್ಲ.